ಪ್ಯಾಕ್-12 ಮುರಿದದ್ದು ಯಾವ ತಂಡ ಹೋದದ್ದಕ್ಕೆ? (2025ರ ಬೇಸಿಗೆಯ ಚರ್ಚೆ)

ಕೊರ್ವಾಲಿಸ್_ಬೀವರ್

ಹೋದ ಭಾನುವಾರ ಪೋರ್ಟ್‌ಲ್ಯಾಂಡ್ ಹತ್ತಿರ ಗೆಳೆಯರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಬಾತ್ ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಮಾತು ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಕಡೆ ತಿರುಗಿತು. ಒಬ್ಬರು "ಯುಎಸ್‌ಸಿ ಹೋಯ್ತು, ಪ್ಯಾಕ್-12 ಮುಗೀತು, ಅಷ್ಟೇ" ಅಂದರು. ಎಲ್ಲರೂ ಹೌದು ಹೌದು ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಊಟದ ಮನೆಯಲ್ಲಿ ವಾದ ಬೇಡ ಅಂತ ಸುಮ್ಮನಿದ್ದೆ, ಆದರೆ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಇಲ್ಲಿ ಕಾಲೇಜ್ ತಂಡಗಳು ಗುಂಪು ಕಟ್ಟಿಕೊಂಡು ಆಡುತ್ತವೆ, ಆ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಟಿವಿಯವರು ದುಡ್ಡು ಕೊಡುವುದು ಗುಂಪಿಗೆ, ಅಲ್ಲಿಂದ ಅದು ತಂಡಗಳಿಗೆ ಹಂಚಿಕೆಯಾಗುತ್ತದೆ. ಪ್ಯಾಕ್-12 ಅಂದರೆ ಪಶ್ಚಿಮ ಕರಾವಳಿಯ ಗುಂಪು, ಅದು ಶುರುವಾದದ್ದು 1915ರಲ್ಲಿ, ಪೋರ್ಟ್‌ಲ್ಯಾಂಡಿನ ಒಂದು ಹೋಟೆಲಿನಲ್ಲಿ. ಆಗ ಇದ್ದದ್ದು ನಾಲ್ಕೇ ಕಾಲೇಜು: ಕ್ಯಾಲಿಫೋರ್ನಿಯಾ (ಈಗ ಎಲ್ಲರೂ ಕ್ಯಾಲ್ ಅನ್ನುವ ಬರ್ಕ್ಲಿ), ವಾಷಿಂಗ್ಟನ್, ಒರೆಗಾನ್, ಮತ್ತು ನಾನು ಓದಿದ ಒರೆಗಾನ್ ಸ್ಟೇಟ್. ಲಾಸ್ ಏಂಜಲೀಸಿನ ಯುಎಸ್‌ಸಿ ಬಂದದ್ದು 1922ರಲ್ಲಿ, ಅದೇ ಊರಿನ ಯುಸಿಎಲ್‌ಎ 1928ರಲ್ಲಿ.

ಈಗ ದಿನಾಂಕ ನೋಡಿ. 2022ರ ಜೂನ್ 30ಕ್ಕೆ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್ ಗುಂಪಿಗೆ ಹೋಗುತ್ತೇವೆ ಅಂದವು. ದೊಡ್ಡ ಏಟೇ, ಇಲ್ಲ ಅನ್ನುವುದಿಲ್ಲ. ಆದರೆ ಅದಾದ ಮೇಲೂ ಹತ್ತಿರ ಹತ್ತಿರ 13 ತಿಂಗಳು ಉಳಿದ ಹತ್ತು ತಂಡಗಳು ಒಟ್ಟಿಗೇ ಇದ್ದವು. 2023ರ ಜುಲೈ 27ಕ್ಕೆ ಕೊಲರಾಡೊ ಎದ್ದು ಬಿಗ್ 12 ಅನ್ನುವ ಇನ್ನೊಂದು ಗುಂಪಿಗೆ ಹೋಯಿತು, ಆಗಲೂ ಒಂಬತ್ತು ಉಳಿದವು. ಆಗಸ್ಟ್ 4ಕ್ಕೆ ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದವು. ಅದೇ ದಿನ, ರಾತ್ರಿಯೊಳಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12ಕ್ಕೆ ಹೋದವು. ನಾಲ್ಕು ವಾರಕ್ಕೆ ಸ್ಟ್ಯಾನ್‌ಫರ್ಡ್, ಕ್ಯಾಲ್ ಕೂಡ ಎಸಿಸಿಗೆ ಹೋದವು. ಅಟ್ಲಾಂಟಿಕ್ ಕರಾವಳಿಯ ಗುಂಪಿಗೆ! ಉಳಿದದ್ದು ನಾವು ಮತ್ತು ವಾಷಿಂಗ್ಟನ್ ಸ್ಟೇಟ್, ಎರಡೇ.

ನಾನು ಕೇಳುವುದು ಇಷ್ಟೇ. ಯಾರು ಹೋದಾಗ ಗುಂಪು ನಿಂತಿತ್ತು, ಯಾರು ಹೋದಾಗ ಬಿತ್ತು? ಅದನ್ನು ನೋಡಿದರೆ ಮನೆಯ ಕಂಬ ಯಾವುದಾಗಿತ್ತು ಅಂತ ಗೊತ್ತಾಗುವುದಿಲ್ಲವೇ?

ಆಗಸ್ಟ್ 4ರ ಆ ಶುಕ್ರವಾರ ನಾನು ಮಗಳ ಈಜು ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದೆ. ಫೋನ್ ಐದು ನಿಮಿಷಕ್ಕೊಮ್ಮೆ ಗುಂಯ್ ಅನ್ನುತ್ತಿತ್ತು. ಒರೆಗಾನ್ ಹೋಯಿತು. ವಾಷಿಂಗ್ಟನ್ ಹೋಯಿತು. ಮಗಳು ನೀರಿನಿಂದ ಎದ್ದು ಬಂದು ಟವಲ್ ಸುತ್ತಿಕೊಂಡು "ಅಪ್ಪ, ಯಾರಿಗಾದರೂ ಹುಷಾರಿಲ್ವಾ?" ಅಂತ ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಎಲ್‌ಎ_ಟ್ರೋಜನ್

ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಲೆಕ್ಕದಲ್ಲಿ ಒಂದು ಕೊಂಡಿ ತಪ್ಪಿದೆ. ಒರೆಗಾನ್, ವಾಷಿಂಗ್ಟನ್ ಯಾಕೆ ಹೋದವು? ಟಿವಿ ದುಡ್ಡು ಸಾಲದು ಅಂತ. ದುಡ್ಡು ಯಾಕೆ ಸಾಲಲಿಲ್ಲ? ಲಾಸ್ ಏಂಜಲೀಸ್ ಕೈಬಿಟ್ಟು ಹೋಗಿತ್ತು ಅಂತ. ನ್ಯೂಯಾರ್ಕ್ ಬಿಟ್ಟರೆ ಈ ದೇಶದಲ್ಲಿ ಟಿವಿ ನೋಡುವವರು ಹೆಚ್ಚು ಇರುವ ಊರು ನಮ್ಮದು. ಯುಎಸ್‌ಸಿ, ಯುಸಿಎಲ್‌ಎ ಎರಡೂ ಈ ಒಂದೇ ಊರಿನವು. 2011ರಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಸೇರಿ 12 ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಒಪ್ಪಿಕೊಂಡಾಗ ಅದರಲ್ಲಿ ಎಲ್‌ಎ ಇತ್ತು. ಬೇರು ಕಿತ್ತ ಮರ 13 ತಿಂಗಳು ಹಸಿರಾಗಿತ್ತು ಅಂದರೆ ಬೇರು ಬೇಡ ಅಂತ ಅರ್ಥವಲ್ಲ.

ಸಿಯಾಟಲ್_ಜಿಟಿಜಿಟಿ

ಟ್ರೋಜನ್ ಅವರ ಮಾತು ಅರ್ಧ ಸರಿ. ಎಲ್‌ಎ ಹೋದ ಮೇಲೂ ದುಡ್ಡು ಮೇಜಿನ ಮೇಲೆ ಇತ್ತು. 2022ರಲ್ಲೇ ಇಎಸ್‌ಪಿಎನ್ ತಂಡಕ್ಕೆ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಕೊಡುತ್ತೇನೆ ಅಂದಿತ್ತು, ಇವರು 5 ಕೋಟಿ ಕೇಳಿದರು, ಅಲ್ಲಿಗೆ ಮಾತು ಮುರಿಯಿತು ಅಂತ ಆಮೇಲೆ ಪತ್ರಿಕೆಗಳೆಲ್ಲ ಬರೆದವು. ಅದೇ ಹೊತ್ತಿಗೆ ಬಿಗ್ 12ರವರು ಬೇಗ ಹೋಗಿ ಕೂತು ತಂಡಕ್ಕೆ 3 ಕೋಟಿ 17 ಲಕ್ಷದ ಲೆಕ್ಕದಲ್ಲಿ ಸಹಿ ಹಾಕಿಬಿಟ್ಟರು. ಕೊನೆಗೆ ನಮ್ಮವರ ಕೈಯಲ್ಲಿ ಉಳಿದದ್ದು ಆಪಲ್ ಟಿವಿಯ ಮಾತು. ಖಚಿತವಾಗಿ ಸಿಗುವುದು ಕಡಿಮೆ, ಚಂದಾದಾರರು ಜಾಸ್ತಿಯಾದರೆ ಜಾಸ್ತಿ. ಆಗಸ್ಟ್ 4ರ ಬೆಳಿಗ್ಗೆ ಒಂಬತ್ತೂ ತಂಡ ಸಹಿ ಹಾಕುತ್ತವೆ ಅಂತ ಸುದ್ದಿ ಇತ್ತು. ಹಾಕಲಿಲ್ಲ.

ನಾನು ವಾಷಿಂಗ್ಟನ್‌ನಲ್ಲಿ ಓದಿದವನು, ನಮ್ಮ ಮನೆ ಹಸ್ಕಿಗಳ (ವಾಷಿಂಗ್ಟನ್ ತಂಡದ ಅಡ್ಡಹೆಸರು) ಮನೆ. ಆದರೂ ಹೇಳುತ್ತೇನೆ, ನಾವು ಬಿಗ್ ಟೆನ್‌ಗೆ ಹೋದದ್ದು ಪೂರ್ತಿ ಪಾಲಿಗೂ ಅಲ್ಲ, ಅರ್ಧದಷ್ಟು ಪಾಲಿಗೆ. ವರ್ಷಕ್ಕೆ ಸುಮಾರು 3 ಕೋಟಿ. ಅಂದರೆ ಒಂದು ವರ್ಷ ಮುಂಚೆ ಬೇಡ ಅಂದ ದುಡ್ಡಿಗೇ ಮನೆ ಬಿಟ್ಟು ಹೋದೆವು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊರ್ವಾಲಿಸ್_ಬೀವರ್

ಜಿಟಿಜಿಟಿ ಅವರೇ, ಇದನ್ನು ಒಬ್ಬ ಹಸ್ಕಿ ಬಾಯಲ್ಲಿ ಕೇಳಿ ಸಮಾಧಾನ ಆಯಿತು.

ಟ್ರೋಜನ್ ಅವರಿಗೆ ಒಂದು ಲೆಕ್ಕ ಕೊಡುತ್ತೇನೆ. ಪ್ಯಾಕ್-12 ಅನ್ನುವ ಹೆಸರು ಬಂದದ್ದು 2011ರಲ್ಲಿ. ಅಲ್ಲಿಂದ 2023ರವರೆಗೆ 13 ಫುಟ್‌ಬಾಲ್ ಚಾಂಪಿಯನ್‌ಗಳು. ಒರೆಗಾನ್ 4, ವಾಷಿಂಗ್ಟನ್ 3, ಸ್ಟ್ಯಾನ್‌ಫರ್ಡ್ 3, ಯೂಟಾ 2, ಯುಎಸ್‌ಸಿ 1. ಅದೂ 2017ರಲ್ಲಿ. ಯುಸಿಎಲ್‌ಎ ಒಂದೂ ಇಲ್ಲ. ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ನಾಲ್ಕು ತಂಡದ ಪ್ಲೇಆಫ್ ಇದ್ದ ಹತ್ತು ವರ್ಷದಲ್ಲಿ ನಮ್ಮ ಗುಂಪಿನಿಂದ ಹೋದದ್ದು ಎರಡೇ ತಂಡ: 2014ರಲ್ಲಿ ಒರೆಗಾನ್, 2016 ಮತ್ತು 2023ರಲ್ಲಿ ವಾಷಿಂಗ್ಟನ್. ಹೆಸರು ಎಲ್‌ಎಯದು, ದುಡಿಮೆ ಉತ್ತರದವರದು.

ಎಲ್‌ಎ_ಟ್ರೋಜನ್

ಒಪ್ಪಿದೆ, ಆ ವರ್ಷಗಳಲ್ಲಿ ನಾವು ಆಡಲಿಲ್ಲ. ಆದರೆ ಅದನ್ನೇ ತಿರುಗಿಸಿ ನೋಡಿ. ನಾವು ಸೋತರೆ ಇಡೀ ಗುಂಪೇ ಸೋತ ಹಾಗೆ ದೇಶವೆಲ್ಲ ಮಾತಾಡುತ್ತಿತ್ತು, ಅಲ್ವಾ? 2022 ನೆನಪಿದೆಯಾ? ನಮ್ಮ ಆಟಗಾರ ಕೇಲೆಬ್ ವಿಲಿಯಮ್ಸ್‌ಗೆ ಹೈಸ್ಮನ್ (ದೇಶದ ಅತ್ಯುತ್ತಮ ಕಾಲೇಜ್ ಫುಟ್‌ಬಾಲ್ ಆಟಗಾರನಿಗೆ ಕೊಡುವ ಪ್ರಶಸ್ತಿ) ಬಂದ ವರ್ಷ. ಗುಂಪಿನೊಳಗೆ ಯುಎಸ್‌ಸಿ ಸೋತದ್ದು ಯೂಟಾ ಒಂದಕ್ಕೇ, ಅದೂ ಎರಡು ಸಲ. ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ 43-42, ಆಮೇಲೆ ಚಾಂಪಿಯನ್‌ಶಿಪ್‌ನಲ್ಲಿ 47-24. ಆ ಕೊನೆಯದನ್ನು ಗೆದ್ದಿದ್ದರೆ ಪ್ಲೇಆಫ್ ಸೀಟು ಕೈಯಲ್ಲಿತ್ತು. ಗೆದ್ದರೂ ಯೂಟಾ ಪ್ಲೇಆಫ್‌ಗೆ ಹೋಗಲಿಲ್ಲ, ನಾವೂ ಹೋಗಲಿಲ್ಲ. ದೊಡ್ಡ ಮನೆತನ ಬಿದ್ದರೆ ಅದರ ಧೂಳು ಎಲ್ಲರ ಮೇಲೂ ಬೀಳುತ್ತದೆ.

ಫ್ರೀಮಾಂಟ್_ಅಕ್ಕ

ನೀವೆಲ್ಲ ಬರೀ ಫುಟ್‌ಬಾಲ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಅದರ ನಿಯಮವೇ ಇನ್ನೂ ಪೂರ್ತಿ ಬರುವುದಿಲ್ಲ. ಆದರೆ ಈ ಗುಂಪು "ಕಾನ್ಫರೆನ್ಸ್ ಆಫ್ ಚಾಂಪಿಯನ್ಸ್" ಅಂತ ಎದೆ ತಟ್ಟಿಕೊಳ್ಳುತ್ತಿತ್ತಲ್ಲ, ಆ ಹೆಸರು ಬಂದದ್ದು ಯಾರಿಂದ? ಎಲ್ಲ ಆಟ ಸೇರಿಸಿ ಅತಿ ಹೆಚ್ಚು ಎನ್‌ಸಿಎಎ (ದೇಶದ ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ) ಪ್ರಶಸ್ತಿ ಗೆದ್ದ ಕಾಲೇಜು ಸ್ಟ್ಯಾನ್‌ಫರ್ಡ್. ಎಲ್ಲ ಆಟಗಳ ಒಟ್ಟು ಸಾಧನೆಗೆ ಕೊಡುವ ಡೈರೆಕ್ಟರ್ಸ್ ಕಪ್ ಅನ್ನು 2019ರವರೆಗೆ ಸತತ 25 ವರ್ಷ ಅವರೇ ತೆಗೆದುಕೊಂಡರು. ಇಪ್ಪತ್ತೈದು ವರ್ಷ! ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ನವರು ತಂದದ್ದು 39 ಪದಕ, ಎಷ್ಟೋ ದೇಶಗಳಿಗೆ ಅಷ್ಟು ಬಂದಿಲ್ಲ.

ನನ್ನ ದೊಡ್ಡ ಮಗಳು ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಾಳೆ. ಅವಳಿಗೆ ಒಂಬತ್ತು ವರ್ಷ ಇದ್ದಾಗ ಮೊದಲ ಸಲ ಸ್ಟ್ಯಾನ್‌ಫರ್ಡ್‌ನ ಒಳಾಂಗಣ ಮೈದಾನ ಮೇಪಲ್ಸ್ ಪೆವಿಲಿಯನ್‌ಗೆ ಕರೆದುಕೊಂಡು ಹೋಗಿದ್ದೆ. ಆರಡಿ ಮೂರಿಂಚಿನ ಹುಡುಗಿಯರು ನೆಟ್ ಹತ್ತಿರ ಎಗರಿ ಹೊಡೆದರೆ ಚೆಂಡು ನೆಲಕ್ಕೆ ಬಿದ್ದ ಸದ್ದು ನಮ್ಮ ಸೀಟಿನ ಕೆಳಗೆ ಕೇಳುತ್ತಿತ್ತು. ಅವಳು ಎರಡು ಗಂಟೆ ಪಾಪ್‌ಕಾರ್ನ್ ಮುಟ್ಟಲಿಲ್ಲ. ಕಾರಲ್ಲಿ ಬರುವಾಗ "ಅಮ್ಮ, ನಂಗೂ ಮಂಡಿಗೆ ಹಾಕೋ ಪ್ಯಾಡ್ ಬೇಕು" ಅಂದಳು. ಸ್ಟ್ಯಾನ್‌ಫರ್ಡ್ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಒಂಬತ್ತು ಸಲ ದೇಶಕ್ಕೇ ಚಾಂಪಿಯನ್.

2021ರ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಫೈನಲ್ ನೆನಪು ಮಾಡಿಕೊಳ್ಳಿ. ಸ್ಟ್ಯಾನ್‌ಫರ್ಡ್ 54, ಅರಿಜೋನಾ 53. ಫೈನಲ್‌ಗೆ ಬಂದ ಎರಡೂ ತಂಡ ನಮ್ಮ ಗುಂಪಿನವು. ಇದಕ್ಕಿಂತ ಬಲ ಅಂದರೆ ಏನು? ಆದರೂ ಈ ಸ್ಟ್ಯಾನ್‌ಫರ್ಡ್, ಕ್ಯಾಲ್ ಎಸಿಸಿಗೆ ಹೋಗುವಾಗ ಮೊದಲ ಏಳು ವರ್ಷ ಟಿವಿ ಪಾಲಿನಲ್ಲಿ ನೂರಕ್ಕೆ 30 ಮಾತ್ರ ಸಾಕು ಅಂತ ಒಪ್ಪಿಕೊಂಡು ಹೋಗಬೇಕಾಯಿತು. ಅಷ್ಟು ಪದಕ ತಂದವರಿಗೆ ಸಿಕ್ಕ ಬೆಲೆ ಅದು. ಈಗ ಆ ಮಕ್ಕಳು ಒಂದು ಮ್ಯಾಚ್‌ಗೆ ಬಾಸ್ಟನ್‌ಗೆ, ಮಯಾಮಿಗೆ ವಿಮಾನ ಹತ್ತಿ ಹೋಗುತ್ತಾರೆ. ಓದು ಯಾವಾಗ?

ಟೂಸಾನ್_ಬಿಸಿಲು

ಅಕ್ಕ, ಆ ಫೈನಲ್ ನೆನಪಿಸಬೇಡಿ. ಕೊನೆಯ ಶಾಟ್ ಒಳಗೆ ಹೋಗಿದ್ದರೆ ಕಪ್ ನಮ್ಮದು.

ಅರಿಜೋನಾ ಅಂದರೆ ಬ್ಯಾಸ್ಕೆಟ್‌ಬಾಲ್, ಅದಕ್ಕೇ ಆ ಕಡೆಯಿಂದ ಒಂದು ಮಾತು. ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್‌ನಲ್ಲಿ ಯುಸಿಎಲ್‌ಎ 11 ಸಲ ಗೆದ್ದಿದೆ, ಅದರಲ್ಲಿ 10 ಜಾನ್ ವುಡನ್ ಕಾಲದಲ್ಲಿ, 1964ರಿಂದ 1975ರ ನಡುವೆ. ಸತತ 88 ಪಂದ್ಯ ಗೆದ್ದ ತಂಡ ಅದು. ಹೆಸರು ಅಂದರೆ ಅದು ಹೆಸರು. ಆದರೆ ಈ ಗುಂಪಿನ ತಂಡವೊಂದು ಕೊನೆಯದಾಗಿ ಕಪ್ ಎತ್ತಿದ್ದು 1997ರಲ್ಲಿ, ನಾವು.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಗುಂಪಿನ ಬಲವನ್ನು ಮೇಲಿನವರಿಗಿಂತ ಕೆಳಗಿನವರು ಜಾಸ್ತಿ ತೀರ್ಮಾನ ಮಾಡುತ್ತಾರೆ. ಹೇಗೆ ಅಂದರೆ, 2018ರಿಂದ ಎನ್‌ಸಿಎಎ ನೆಟ್ ಅನ್ನುವ ರ‍್ಯಾಂಕಿಂಗ್ ಬಳಸುತ್ತದೆ. ಎದುರಾಳಿ ಎಷ್ಟನೆಯ ಸ್ಥಾನದಲ್ಲಿದ್ದಾನೆ, ಆಟ ಎಲ್ಲಿ ನಡೆಯಿತು ಅನ್ನುವುದರ ಮೇಲೆ ಗೆಲುವಿಗೆ ತೂಕ. ಮೊದಲ 30ರೊಳಗಿನ ತಂಡವನ್ನು ನಮ್ಮ ಮನೆಯಲ್ಲಿ ಸೋಲಿಸಿದರೆ ಅದು ಮೊದಲ ದರ್ಜೆ ಗೆಲುವು. ಅವರ ಮನೆಗೆ ಹೋಗಿ ಗೆದ್ದರೆ 75ನೆಯ ಸ್ಥಾನದವರೆಗೂ ಮೊದಲ ದರ್ಜೆಯೇ. ಅಂದರೆ ಗುಂಪಿನ ಎಂಟನೆಯ, ಒಂಬತ್ತನೆಯ ತಂಡ 70ರ ಆಸುಪಾಸಿನಲ್ಲಿದ್ದರೆ ಅಲ್ಲಿಗೆ ಹೋಗಿ ಗೆದ್ದ ಎಲ್ಲರಿಗೂ ಲಾಭ. ಅದೇ ತಂಡ 200ಕ್ಕೆ ಇಳಿದರೆ ಗೆದ್ದರೂ ಏನೂ ಸಿಗುವುದಿಲ್ಲ, ಸೋತರಂತೂ ದೇಶದ ಚಾಂಪಿಯನ್ ತೀರ್ಮಾನವಾಗುವ ಮಾರ್ಚ್ ಟೂರ್ನಿಯ ಸೀಟೇ ಹೋಗಬಹುದು. ಟೂರ್ನಿಯಲ್ಲಿ ಆಡುವ ಒಂದೊಂದು ಪಂದ್ಯಕ್ಕೂ ಗುಂಪಿಗೆ ದುಡ್ಡು ಬರುತ್ತದೆ, ಆರು ವರ್ಷಕ್ಕೆ ಹಂಚಿ ಹೆಚ್ಚುಕಡಿಮೆ 20 ಲಕ್ಷ ಡಾಲರ್. ಬಂದದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.

ಬೀವರ್ ಅವರೇ, ನಿಮ್ಮ 2021ರ ಕಥೆ ನೀವೇ ಹೇಳಿ.

ಕೊರ್ವಾಲಿಸ್_ಬೀವರ್

ಕೇಳಿದ್ದಕ್ಕೆ ಥ್ಯಾಂಕ್ಸ್! ಆ ವರ್ಷ ಸೀಸನ್‌ಗೆ ಮುಂಚೆ ಗುಂಪಿನಲ್ಲಿ ಕೊನೆಯ ಸ್ಥಾನ ಬರುತ್ತದೆ ಅಂತ ನಮ್ಮ ಬಗ್ಗೆ ಬರೆದಿದ್ದರು. ಕೋವಿಡ್ ಕಾಲ, ಇಡೀ ಟೂರ್ನಿ ಇಂಡಿಯಾನಾದಲ್ಲೇ. ನಾವು 12ನೆಯ ಸೀಡ್ ಆಗಿ ಹೋಗಿ ಕೊನೆಯ ಎಂಟರವರೆಗೆ ಬಂದೆವು, ಹೂಸ್ಟನ್‌ಗೆ ಸೋತೆವು. ಅದೇ ವರ್ಷ ಯುಸಿಎಲ್‌ಎ, ಯುಎಸ್‌ಸಿ ಕೂಡ ಕೊನೆಯ ಎಂಟರಲ್ಲಿದ್ದವು. ಎಂಟರಲ್ಲಿ ಮೂರು ನಮ್ಮ ಗುಂಪಿನವು, ಅದರಲ್ಲಿ ಒಂದು ಯಾರೂ ಲೆಕ್ಕಕ್ಕೆ ಇಡದ ಒರೆಗಾನ್ ಸ್ಟೇಟ್. ಆ ಆಟಗಳ ದುಡ್ಡಿನಲ್ಲಿ ಎಲ್‌ಎಯವರಿಗೂ ಪಾಲು ಹೋಯಿತು. ಚಿಕ್ಕವರು ದೊಡ್ಡವರ ಬೆನ್ನ ಮೇಲೆ ಕೂತು ಬಂದರು ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಕಾನ್ಸಾಸ್_ಜೋಳ

ನಾನು ಲಾರೆನ್ಸ್‌ನಲ್ಲಿ ಇರುವವನು, ಬಿಗ್ 12 ಕಡೆಯವನು. ನಮ್ಮ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ, ಆಗ ವಿಷಯ ತಿಳಿಯಾಗುತ್ತದೆ.

2021ರ ಜುಲೈನಲ್ಲಿ ಟೆಕ್ಸಸ್, ಓಕ್ಲಹೋಮ ಎರಡೂ ಎಸ್‌ಇಸಿ ಅನ್ನುವ ಬೇರೆ ಗುಂಪಿಗೆ ಹೋಗುತ್ತೇವೆ ಅಂದವು. ನಮ್ಮ ಗುಂಪಿಗೆ ಅವೆರಡು ಅಂದರೆ ನಿಮಗೆ ಯುಎಸ್‌ಸಿ ಇದ್ದ ಹಾಗೆ, ಬಹುಶಃ ಅದಕ್ಕಿಂತ ಜಾಸ್ತಿ. ಪತ್ರಿಕೆಗಳಲ್ಲೆಲ್ಲ ಬಿಗ್ 12 ಸತ್ತಿತು ಅಂತಲೇ ಬಂತು. ಆದರೆ ಉಳಿದ ಎಂಟು ತಂಡ ಅಲ್ಲಾಡಲಿಲ್ಲ. ಯಾಕೆ? ನೇರವಾಗಿ ಹೇಳುತ್ತೇನೆ, ಹೋಗಲು ಯಾರಿಗೂ ಬೇರೆ ಮನೆ ಇರಲಿಲ್ಲ. ಕಾನ್ಸಾಸ್ ಸ್ಟೇಟ್, ಅಯೋವಾ ಸ್ಟೇಟ್, ಟೆಕ್ಸಸ್ ಟೆಕ್, ಯಾರನ್ನೂ ಬಿಗ್ ಟೆನ್ ಕರೆಯಲಿಲ್ಲ. ಒಬ್ಬರಿಗೊಬ್ಬರು ಬಿಟ್ಟರೆ ಗತಿ ಇಲ್ಲ ಅಂತ ಗೊತ್ತಿತ್ತು. ಅದೇ ವರ್ಷ ಬಿವೈಯು, ಸಿನ್ಸಿನಾಟಿ, ಹೂಸ್ಟನ್, ಯುಸಿಎಫ್‌ಗಳನ್ನು ಕರೆದರು. ಹೊಸ ಕಮಿಷನರ್ ಬ್ರೆಟ್ ಯೋರ್ಮಾರ್ಕ್ 2022ರಲ್ಲಿ ಬಂದವರೇ ಟಿವಿಯವರ ಜೊತೆ ಮಾತು ಮುಗಿಸಿದರು. ಆ ಹೊತ್ತಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಪ್ ಕೂಡ ನಮ್ಮಲ್ಲೇ: 2021ರಲ್ಲಿ ಬೇಲರ್, 2022ರಲ್ಲಿ ನಮ್ಮ ಕಾನ್ಸಾಸ್.

ನಿಮ್ಮಲ್ಲಿ ಏನಾಯಿತು? ಉಳಿದ ಹತ್ತರಲ್ಲಿ ಒರೆಗಾನ್, ವಾಷಿಂಗ್ಟನ್ ಎರಡಕ್ಕೂ ಬೇರೆ ಮನೆಯ ಬಾಗಿಲು ಕಾಣುತ್ತಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಂಥವರನ್ನೇ ನಡುಗಂಬ ಮಾಡಿಕೊಂಡರೆ ಮನೆ ನಿಲ್ಲುತ್ತದಾ? ಬೀವರ್ ಸರ್, ನೀವು ಹೇಳಿದ ತಂಡಗಳು ಸರಿ. ಆದರೆ ಕಾರಣ ಅವರ ಆಟವಲ್ಲ. ಉಳಿದವರೆಲ್ಲ ಅವರ ಮುಖ ನೋಡಿಕೊಂಡು ಕೂತಿದ್ದರು, ಅದು.

ಸಿಯಾಟಲ್_ಜಿಟಿಜಿಟಿ

ಜೋಳ ಅವರು ಸರಿಯಾದ ಜಾಗಕ್ಕೇ ಕೈ ಇಟ್ಟರು.

ಮತ್ತೆ ಆ ಕೊನೆಯ ವರ್ಷ, 2023, ಎಂಥ ಆಟ ಆಡಿದರು ಗೊತ್ತಾ? ಅದೂ ಹತ್ತು ತಂಡ ಹೋಗುವುದು ಗೊತ್ತಾದ ಮೇಲೆ. ಡಿಸೆಂಬರ್ 1ಕ್ಕೆ ಲಾಸ್ ವೇಗಸ್‌ನಲ್ಲಿ ಕೊನೆಯ ಚಾಂಪಿಯನ್‌ಶಿಪ್, ವಾಷಿಂಗ್ಟನ್ 34, ಒರೆಗಾನ್ 31. ನಾನು ಅಲ್ಲಿದ್ದೆ. ಗೆದ್ದೆವು, ಕೂಗಿದೆವು. ಆಮೇಲೆ ಹೊರಗೆ ಬರುವಾಗ ಮೆಟ್ಟಿಲ ಮೇಲೆ ಹಸಿರು ಜಾಕೆಟ್ ಹಾಕಿದ ಒರೆಗಾನ್‌ನ ಅಜ್ಜ ಒಬ್ಬರು ನಿಂತಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು ಒಳ್ಳೆಯ ಆಟ ಆಡಿದಿರಿ ಅಂದರು, ಕಣ್ಣು ಒದ್ದೆ ಇತ್ತು. ಸೋತದ್ದಕ್ಕೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಎಲ್‌ಎ_ಟ್ರೋಜನ್

ಇಷ್ಟು ಓದಿದ ಮೇಲೆ ನಾನೂ ಒಂದು ಒಪ್ಪಿಕೊಳ್ಳಬೇಕು. 2024ರಲ್ಲಿ ಬಿಗ್ ಟೆನ್‌ಗೆ ಹೋದ ಮೊದಲ ವರ್ಷ ನಾವು 7 ಗೆದ್ದು 6 ಸೋತೆವು. ಯುಸಿಎಲ್‌ಎ 5 ಗೆದ್ದು 7 ಸೋತಿತು. ಒರೆಗಾನ್ ಮಾತ್ರ ಒಂದೂ ಸೋಲದೆ ಆ ಗುಂಪಿನ ಚಾಂಪಿಯನ್ ಆಯಿತು, ಮೊದಲ ವರ್ಷವೇ! ಬಿಗ್ 12ರಲ್ಲಿ ಅರಿಜೋನಾ ಸ್ಟೇಟ್‌ಗೆ 16ನೆಯ ಸ್ಥಾನ ಅಂತ ಭವಿಷ್ಯ ಹೇಳಿದ್ದರು, ಅವರೂ ಚಾಂಪಿಯನ್. ಮೈದಾನದ ಬಲ ಎಲ್ಲಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದುಡ್ಡು ತರುವ ತಂಡ ಬೇರೆ, ಗೆಲ್ಲುವ ತಂಡ ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ನನಗೆ ನಿಜವಾಗಿ ನೋವಾಗುವುದು ಬೇರೆ. ಸ್ಟ್ಯಾನ್‌ಫರ್ಡ್ ಜೊತೆ ನಾವು ಮೊದಲು ಆಡಿದ್ದು 1905ರಲ್ಲಿ. ಎರಡು ವರ್ಷಕ್ಕೊಮ್ಮೆ ಕಾರು ತೆಗೆದುಕೊಂಡು ಬೇ ಏರಿಯಾಕ್ಕೆ ಹೋಗಿ, ಅಣ್ಣನ ಮನೆಯಲ್ಲಿ ಉಳಿದು, ಮ್ಯಾಚ್ ನೋಡಿ ಬರುತ್ತಿದ್ದೆ. ಈಗ ನಮ್ಮ ತಂಡ ನ್ಯೂಜೆರ್ಸಿಯ ರಟ್‌ಗರ್ಸ್ ಜೊತೆ ಆಡುತ್ತದೆ. ನನಗೆ ಅಲ್ಲಿ ಯಾರೂ ಇಲ್ಲ.

ಹೊಸಬ_ಬೀವರ್ಟನ್

ನಾನು ಬಂದು ಒಂದೇ ವರ್ಷ ಆಯಿತು, ತಪ್ಪಿದ್ದರೆ ತಿದ್ದಿ. ಉಳಿದ ಆ ಎರಡು ತಂಡ ಈಗ ಏನು ಮಾಡುತ್ತಿವೆ? ಎರಡೇ ತಂಡಕ್ಕೆ ಕಾನ್ಫರೆನ್ಸ್ ಅಂತ ಹೇಗೆ ಹೇಳುತ್ತಾರೆ?

ಪುಲ್‌ಮನ್_ಗೋಧಿ

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ನಾನು ವಾಷಿಂಗ್ಟನ್ ಸ್ಟೇಟ್‌ನವಳು. ಪುಲ್‌ಮನ್ ಅಂದರೆ ಸುತ್ತ ಗೋಧಿ ಹೊಲದ ಗುಡ್ಡಗಳ ನಡುವಿನ ಚಿಕ್ಕ ಊರು. ಟಿವಿಯವರ ನಕ್ಷೆಯಲ್ಲಿ ನಾವು ಇರಲೇ ಇಲ್ಲ.

ಮೊದಲು ಕೋರ್ಟಿಗೆ ಹೋದೆವು. ಹೋಗುತ್ತೇವೆ ಅಂದ ಹತ್ತು ತಂಡಗಳು ಗುಂಪಿನ ದುಡ್ಡಿನ ಬಗ್ಗೆ ಮತ ಹಾಕಬಾರದು ಅನ್ನುವುದು ನಮ್ಮ ವಾದ. 2023ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಕೋರ್ಟ್ ನಮ್ಮ ಎರಡು ಕಾಲೇಜಿಗೇ ಆಡಳಿತ ಕೊಟ್ಟಿತು, ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಎನ್‌ಸಿಎಎ ನಿಯಮದ ಪ್ರಕಾರ ಎರಡು ವರ್ಷ ಹೀಗೆ ತಳ್ಳಬಹುದು. ಆಮೇಲೆ ಫುಟ್‌ಬಾಲ್ ಆಡುವ ಎಂಟು ತಂಡ ಬೇಕೇ ಬೇಕು.

2024ರಲ್ಲಿ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್ ಒಪ್ಪಿದವು. ಗೊನ್ಜಾಗಾ ಕೂಡ ಬಂತು, ಆದರೆ ಅವರಿಗೆ ಫುಟ್‌ಬಾಲ್ ತಂಡವೇ ಇಲ್ಲ. 1999ರಿಂದ ಒಂದು ವರ್ಷವೂ ತಪ್ಪದೆ ಮಾರ್ಚ್ ಟೂರ್ನಿಗೆ ಹೋದ ಬ್ಯಾಸ್ಕೆಟ್‌ಬಾಲ್ ತಂಡ ಅದು. ಲೆಕ್ಕ ಹಾಕಿ, ಫುಟ್‌ಬಾಲ್‌ಗೆ ಏಳೇ ಆಯಿತು. ಎಂಟನೆಯದಕ್ಕೆ ತಿಂಗಳುಗಟ್ಟಲೆ ಕಾದೆವು. 2025ರ ಜೂನ್ ಕೊನೆಗೆ ಟೆಕ್ಸಸ್ ಸ್ಟೇಟ್ ಬಂತು. 2026ರ ಜುಲೈ 1ರಿಂದ ಹೊಸ ಪ್ಯಾಕ್-12.

ಈಗ ಈ ಚರ್ಚೆಯ ಪ್ರಶ್ನೆಗೆ ಬರೋಣ. ಹೊಸ ಗುಂಪಿನಲ್ಲಿ ದೊಡ್ಡ ಹೆಸರು ಬಾಯ್ಸಿ, 2024ರ ಸೀಸನ್‌ನಲ್ಲಿ ಪ್ಲೇಆಫ್ ಆಡಿದವರು. ಬ್ಯಾಸ್ಕೆಟ್‌ಬಾಲ್‌ಗೆ ಗೊನ್ಜಾಗಾ. ಆದರೆ ಟೆಕ್ಸಸ್ ಸ್ಟೇಟ್ ಬರದಿದ್ದರೆ ನಿಯಮದ ಪ್ರಕಾರ ಗುಂಪೇ ಇಲ್ಲ. ಆ ದಿನ ನಮಗೆ ಅತಿ ಮುಖ್ಯವಾದ ತಂಡ ಯಾವುದು ಅಂತ ಕೇಳಿದ್ದರೆ ನಾನು ಟೆಕ್ಸಸ್ ಸ್ಟೇಟ್ ಇರುವ ಸ್ಯಾನ್ ಮಾರ್ಕೋಸ್ ಅನ್ನುವ ಊರನ್ನು ನಕ್ಷೆಯಲ್ಲಿ ಹುಡುಕಿ ತೋರಿಸುತ್ತಿದ್ದೆ.

ಜಿಟಿಜಿಟಿ ಅಣ್ಣನಿಗೆ ಒಂದು ಮಾತು. ಆಪಲ್ ಕಪ್ (ನಮ್ಮ ಎರಡು ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯ), 2024ರ ಸೆಪ್ಟೆಂಬರ್, ನಿಮ್ಮದೇ ಸಿಯಾಟಲ್. 24-19. ಕೊನೆಗೆ ಗೋಲ್ ಲೈನ್ ಹತ್ತಿರ ನಿಮ್ಮನ್ನು ನಿಲ್ಲಿಸಿದ್ದು ಯಾರು?

ಸಿಯಾಟಲ್_ಜಿಟಿಜಿಟಿ

ನೀವೇ ತಂಗಿ, ನೀವೇ. ಆ ನಾಲ್ಕನೆಯ ಡೌನ್ (ಕೊನೆಯ ಪ್ರಯತ್ನ) ನನಗೆ ಇನ್ನೂ ಕನಸಲ್ಲಿ ಬರುತ್ತದೆ. ಆದರೆ ಆ ಪಂದ್ಯ ನಿಲ್ಲದೆ ಮುಂದುವರಿಯಿತಲ್ಲ, ಅದಕ್ಕೆ ಸೋತರೂ ಸಂತೋಷ.

ಕೊರ್ವಾಲಿಸ್_ಬೀವರ್

ಎರಡು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ಜೋಳ ಸರ್ ಹೇಳಿದ್ದು ನನ್ನ ಮಾತಿಗಿಂತ ನಿಜ. ನಾನು ಒರೆಗಾನ್, ವಾಷಿಂಗ್ಟನ್ ಚೆನ್ನಾಗಿ ಆಡಿದವು, ಅದಕ್ಕೇ ಕಂಬ ಅಂತ ಹಿಡಿದುಕೊಂಡಿದ್ದೆ. ಕೊಲರಾಡೊ ನೋಡಿ. 2022ರಲ್ಲಿ ಒಂದು ಗೆದ್ದು 11 ಸೋತ ತಂಡ. ಅದು ಎದ್ದು ಹೋದಾಗ ಯಾರಿಗೂ ಆಟದ ನಷ್ಟ ಆಗಲಿಲ್ಲ, ಆದರೆ ಬಾಗಿಲು ತೆಗೆದಿದೆ ಅಂತ ಎಲ್ಲರಿಗೂ ಕಾಣಿಸಿತು. ಒಂದು ವಾರಕ್ಕೆ ಮನೆ ಖಾಲಿ.

ಗೋಧಿ ಅವರು ಬರೆದ ಎಂಟನೆಯ ತಂಡದ ಮಾತನ್ನು ಮಗಳಿಗೆ ಓದಿ ಹೇಳಿದೆ. ಅವಳಿಗೆ ನಮ್ಮ ಬೇಸ್‌ಬಾಲ್ ತಂಡ ಅಂದರೆ ಪ್ರಾಣ. 2025ರಲ್ಲಿ ಗುಂಪೇ ಇಲ್ಲದೆ, ಒಂಟಿಯಾಗಿ, ಸಿಕ್ಕ ಸಿಕ್ಕ ಊರಿಗೆ ಹೋಗಿ ಆಡಿ, ಕೊನೆಗೆ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ವರೆಗೆ ಹೋದರಲ್ಲ, ಆ ಆಟಗಳನ್ನು ಒಂದೂ ಬಿಡದೆ ನನ್ನ ಪಕ್ಕ ಕೂತು ನೋಡಿದ್ದಾಳೆ.

ಫ್ರೀಮಾಂಟ್ ಅಕ್ಕ, 2025ರ ಆಗಸ್ಟ್ 30ಕ್ಕೆ ಕ್ಯಾಲ್ ನಮ್ಮ ಕಾಲೇಜಿನ ಊರು ಕೊರ್ವಾಲಿಸ್‌ಗೆ ಬರುತ್ತಿದೆ. 1915ರ ಆ ನಾಲ್ವರಲ್ಲಿ ಇಬ್ಬರು, ಈಗ ಬೇರೆ ಬೇರೆ ಮನೆಯವರಾಗಿ ನಮ್ಮ ರೀಸರ್ ಸ್ಟೇಡಿಯಂನಲ್ಲಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಟೇಲ್‌ಗೇಟ್‌ಗೆ (ಮ್ಯಾಚ್‌ಗೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಸೇರಿ ಮಾಡುವ ಊಟ) ನಮ್ಮ ಮನೆಯಿಂದ ಚಿತ್ರಾನ್ನ, ಕೋಸಂಬರಿ ಬರುತ್ತದೆ. ಹೊಸಬರೇ, ನೀವು ಬೀವರ್ಟನ್ ಅಂದಿರಲ್ಲ, ನನ್ನ ದಾರಿಯಲ್ಲೇ. ಕಾರಲ್ಲಿ ಇನ್ನೂ ಎರಡು ಸೀಟು ಖಾಲಿ ಇದೆ.

ಹೊಸಬ_ಬೀವರ್ಟನ್

ಬರುತ್ತೇನೆ ಸರ್. ಯಾವ ಬಣ್ಣದ ಬಟ್ಟೆ ಹಾಕಬೇಕು?

ಕೊರ್ವಾಲಿಸ್_ಬೀವರ್

ಕಿತ್ತಳೆ. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ನಾಲ್ಕು ಇದೆ, ಒಂದು ಕೊಡುತ್ತೇನೆ.